ಗುಂಡ ಇವತ್ತು ಏನು ತಿಂದ?

ನಮ್ಮ ಮೇಡಂ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಮೇಲಿಂದಲೇ ಬೈದಾರು, ‘ನಿನಗೆ ಬೇರೆ ಕೆಲಸ ಇಲ್ವೇನೇ’ ಅಂತ. ಹೋದ ತಿಂಗಳು ತೀರಿಕೊಂಡರು. ವೈಕುಂಠ ಸಮಾರಾಧನೆಯ ದಿನ ಯಡಿಯೂರು ಕೆರೆಯ ಹಿಂದಿನ ಅವರ ಮನೆಗೆ ಹೋದೆ. ಬಾಗಿಲಲ್ಲಿ ಅವರ ಯಜಮಾನರು ನಿಂತಿದ್ದರು. ನಮಸ್ಕಾರ ಸಾರ್ ಎಂದೆ, ಅಷ್ಟೇ. ಅದುವರೆಗೆ ನನ್ನ ಮುಖವನ್ನೇ ನೋಡಿರದ, ನಾನು ಮನೆಗೆ ಫೋನು ಮಾಡಿದಾಗ ದನಿಯಷ್ಟೇ ಕೇಳಿದ್ದ ಆ ಮನುಷ್ಯ, “ನೀವು ಜರಗನಹಳ್ಳಿ ಅಲ್ವಾ? ದನಿಯಲ್ಲೇ ಗೊತ್ತಾಯ್ತು. ಬನ್ನಿ ಬನ್ನಿ, ಎಲೆ ಹಾಕಿದಾರೆ. ಬನಶಂಕರಿ, ಬಿಟಿಎಂ ಎಲ್ಲಾ ಆಗ್ಲೇ ಕೂತಿದಾರೆ” ಎಂದರು. ಅಳುತ್ತಾ ಹೋದವಳಿಗೆ ನಗು ಬಂದುಬಿಟ್ಟಿತು.

ನಮ್ಮದು ರಕ್ತ ಪರೀಕ್ಷೆಯ ಲ್ಯಾಬು. ಜಯನಗರದಲ್ಲಿ ದೊಡ್ಡದು, ಅಲ್ಲಿ ನಮ್ಮ ಮಾಲೀಕರಾದ ಡಾಕ್ಟರ್ ಸಾರ್ ಕೂರುತ್ತಾರೆ. ಉಳಿದಂತೆ ಬನಶಂಕರಿ, ಪದ್ಮನಾಭನಗರ, ಬಿಟಿಎಂ, ಜೆಪಿ ನಗರ, ಕೊನೆಗೆ ನಮ್ಮ ಜರಗನಹಳ್ಳಿ, ಇವು ಶಾಖೆಗಳು. ಎಲ್ಲ ಶಾಖೆಗಳ ಕಂಪ್ಯೂಟರು ನೋಡಿಕೊಳ್ಳುತ್ತಿದ್ದವರು ಮೇಡಂ. ಅವರಿಗೆ ನಾವು ಶಾಖೆಯ ಹೆಸರಿನವರೇ. “ಏ ಪದ್ಮನಾಭನಗರ, ಮದುವೆ ಗೊತ್ತಾಯ್ತಂತೆ?” “ಬಿಟಿಎಂ, ಕನ್ನಡಕ ಬದಲಾಯಿಸೋ, ಗೂಬೆ ಥರಾ ಕಾಣ್ತೀಯ.” ನಮ್ಮ ನಿಜವಾದ ಹೆಸರುಗಳು ಅವರಿಗೆ ಗೊತ್ತಿದ್ದವು, ಬಳಸುತ್ತಿರಲಿಲ್ಲ ಅಷ್ಟೇ.

ನಾನು ಜರಗನಹಳ್ಳಿಯ ಸೊಸೆ. ಮಾವನವರ ಕಾಲಕ್ಕೆ ರಾಗಿ ಹೊಲವಿದ್ದ ಕಡೆ ಈಗ ನಮ್ಮ ಬಾಡಿಗೆ ಮನೆಗಳಿವೆ. ಅದರ ಕೆಳಗಿನ ಅಂಗಡಿಯೊಂದರಲ್ಲಿ ಈ ಲ್ಯಾಬು, ಅಲ್ಲಿ ನಾನು ಇನ್‌ಚಾರ್ಜು. “ಬಾಡಿಗೆ ಬರುತ್ತಲ್ಲ, ನಿಂಗ್ಯಾಕಮ್ಮ ಈ ಸೂಜಿ ಚುಚ್ಚೋರ ಸಹವಾಸ” ಎಂದು ನಮ್ಮ ಭಾವನವರು ಇವತ್ತಿಗೂ ಕೊಂಕು ತೆಗೆಯುತ್ತಾರೆ. ಆ ಕಟ್ಟಡವೆಲ್ಲ ಮನೆಯವರದು. ಅದರಲ್ಲಿ ನಾನು ಸ್ವಂತ ದುಡಿದು ಸಂಪಾದಿಸಿದ್ದು ಒಂದು ಕುರ್ಚಿ, ಒಂದು ಒಳ್ಳೆಯ ಹೆಸರು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮೇಡಂ ಕಥೆ ಹೇಳುವಾಗ ಆ ಹೆಸರಿಗೆ ಏನಾಯಿತು ಎಂಬುದನ್ನೂ ಹೇಳಲೇಬೇಕು.

ಮೊದಲು ಗುಂಡನ ವಿಷಯ. ಒಂದೊಂದು ಶಾಖೆಯಲ್ಲೂ ಒಂದು ಸರ್ವರ್ ಇದೆ. ಕೆಲಸಕ್ಕಿರುವವರು ಯಾರು, ಯಾರ ಲಾಗಿನ್ ನಡೆಯುತ್ತದೆ, ಯಾರದು ನಿಂತಿದೆ ಎಂಬ ವಿವರದ ನಕಲು ಎಲ್ಲ ಸರ್ವರುಗಳಲ್ಲೂ ಇರುತ್ತದೆ. ಒಂದು ಕಡೆ ಬದಲಾದದ್ದು ಉಳಿದ ಕಡೆಗೂ ತಲುಪಬೇಕು. ಇದಕ್ಕೆ ರೆಪ್ಲಿಕೇಶನ್ ಅನ್ನುತ್ತಾರೆ. ತಲುಪುತ್ತಿದೆಯೋ ಇಲ್ಲವೋ ಎಂದು ತೋರಿಸಲು ಕಂಪ್ಯೂಟರಿನಲ್ಲೇ ವರದಿ ಬರುತ್ತದೆ, ಸರಿಯಿದ್ದರೆ ಹಸಿರು, ಕೆಟ್ಟಿದ್ದರೆ ಕೆಂಪು. ಮೇಡಂಗೆ ಆ ಹಸಿರಿನ ಮೇಲೆ ನಂಬಿಕೆ ಕಡಿಮೆ. “ಅದು ಚೆನ್ನಾಗಿದೀನಿ ಅಂತ ಅದೇ ಹೇಳ್ಕೊಳ್ಳುತ್ತೆ. ನಮ್ಮತ್ತೆನೂ ಹಾಗೇ ಹೇಳ್ತಿದ್ರು, ಆಸ್ಪತ್ರೆಗೆ ಸೇರಿಸೋ ಹಿಂದಿನ ದಿನದವರೆಗೂ” ಎನ್ನುತ್ತಿದ್ದರು.

ಅದಕ್ಕೇ ಗುಂಡ ಹುಟ್ಟಿದ. ಗುಂಡ ಎಂಬ ಹೆಸರಿನಲ್ಲಿ ಒಬ್ಬ ಇಲ್ಲದ ನೌಕರನನ್ನು ಸೃಷ್ಟಿಸಿ, ಅವನ ಹೆಸರಿನ ಮುಂದೆ ವಿವರ ಬರೆಯುವ ಜಾಗದಲ್ಲಿ ದಿನಾ ಬೆಳಗ್ಗೆ ಜಯನಗರದಲ್ಲಿ ಕೂತು ತಾವು ಮನೆಯಲ್ಲಿ ತಿಂದು ಬಂದ ತಿಂಡಿಯ ಹೆಸರು ಬರೆಯುತ್ತಿದ್ದರು. ಒಂದು ಲೋಟ ಕಾಫಿ ಕುಡಿದು ಎಲ್ಲ ಶಾಖೆಗಳಿಗೂ ಫೋನು. “ಏ ಜರಗನಹಳ್ಳಿ, ಗುಂಡ ಇವತ್ತು ಏನ್ ತಿಂದ?” ನಾನು ತೆರೆದು ನೋಡಿ, “ಅಕ್ಕಿ ರೊಟ್ಟಿ ಮೇಡಂ” ಅಂದರೆ ಲೈನು ಸರಿಯಿದೆ. ನಿನ್ನೆಯದೇ ತಿಂಡಿ ಹೇಳಿದರೆ ಎಲ್ಲೋ ಕೆಟ್ಟಿದೆ. ಇದರಿಂದಾಗಿ ಅವರ ಮನೆಯ ಅಡುಗೆಮನೆ ದಕ್ಷಿಣ ಬೆಂಗಳೂರಿಗೆಲ್ಲ ಗೊತ್ತಿತ್ತು. ಏಕಾದಶಿಗೆ ಗುಂಡ ಉಪವಾಸ. ಗಂಡಹೆಂಡಿರಿಗೆ ಜಗಳವಾದ ದಿನ ಗುಂಡನಿಗೆ ಬರೀ ಬ್ರೆಡ್ಡು. ಬ್ರೆಡ್ಡು ಕಂಡರೆ ಆವತ್ತು ನಾವು ಯಾರೂ ರಜೆ ಕೇಳುತ್ತಿರಲಿಲ್ಲ.

ಒಮ್ಮೆ ಪದ್ಮನಾಭನಗರಕ್ಕೆ ಹೊಸದಾಗಿ ಒಬ್ಬಳು ರಿಸೆಪ್ಷನಿಸ್ಟ್ ಸೇರಿದಳು. ಮೇಡಂ ಯಾವುದೋ ಮದುವೆಗೆಂದು ಮೈಸೂರಿಗೆ ಹೋಗಿ ಬಂದು, ಗುಂಡನಿಗೆ ಒತ್ತು ಶಾವಿಗೆ ಬರೆದು ಫೋನು ಮಾಡಿದರೆ ಆ ಹುಡುಗಿ ಏನನ್ನಬೇಕು? “ಪಾಪ ಮೇಡಂ, ನೀವು ಊರಿಗೆ ಹೋದಾಗಿಂದ ನಿಮ್ಮ ಮಗ ಉಪ್ಪಿಟ್ಟೇ ತಿಂತಿದಾನೆ. ನೀವು ಬಂದ್ರಲ್ಲ, ಇನ್ನಾದ್ರೂ ಬೇರೆ ಏನಾದ್ರೂ ಮಾಡ್ಕೊಡಿ, ಹೊಟ್ಟೆ ಕೆಟ್ಟೀತು.” ಅಲ್ಲಿನ ಸರ್ವರಿನ ಗಡಿಯಾರ ಹಿಂದೆ ಬಿದ್ದು ಮಿಕ್ಕವು ಅದರ ಜೊತೆ ಮಾತು ಬಿಟ್ಟಿದ್ದವಂತೆ. ಅದನ್ನು ಸರಿಮಾಡಿದ ಮೇಲೂ ಮೇಡಂ ಆ ಹುಡುಗಿಗೆ ಗುಂಡ ಮಗನಲ್ಲವೆಂದು ಹೇಳಲೇ ಇಲ್ಲ. ಯುಗಾದಿಗೆ ಅವಳು ಗುಂಡನಿಗೆ ಅಂತ ಒಂದು ಟೀ ಶರ್ಟು ಕಳಿಸಿದಳು. ಅದನ್ನು ಯಜಮಾನರು ಹಾಕಿಕೊಂಡು ಕೆರೆ ಸುತ್ತ ವಾಕಿಂಗ್ ಹೋಗುತ್ತಿದ್ದರು.

ಗಡಿಯಾರದ ವಿಷಯ ಬಂತಲ್ಲ. ಎರಡು ಸರ್ವರುಗಳ ಹೊತ್ತು ಐದು ನಿಮಿಷಕ್ಕಿಂತ ಹೆಚ್ಚು ಆಚೀಚೆ ಆದರೆ ಅವು ಒಂದನ್ನೊಂದು ನಂಬುವುದಿಲ್ಲ. ತಡವಾಗಿ ಬಂದವರನ್ನು ಮೇಡಂ ಇದನ್ನೇ ಹೇಳಿ ಝಾಡಿಸುತ್ತಿದ್ದರು. “ಮಶೀನೇ ನಂಬಲ್ಲ, ನಾನ್ಯಾಕೆ ನಂಬ್ಲಿ?” ಅವರ ದನಿಗೆ ಫೋನು ಬೇಕಿರಲಿಲ್ಲ, ಜಯನಗರದ ಕಿಟಕಿ ತೆಗೆದು ಕೂಗಿದ್ದರೂ ನಮಗೆ ಕೇಳಿಸುತ್ತಿತ್ತು. ಉಟ್ಟ ಸೀರೆಯ ನಿರಿಗೆ ಕೆಡದಂತೆ ಮೇಜಿನಡಿ ನುಸುಳಿ ಕೇಬಲ್ಲು ಹಾಕಿ ಎದ್ದು ಬರುತ್ತಿದ್ದರು, ಅದು ಮಾತ್ರ ನನಗೆ ಇನ್ನೂ ಆಶ್ಚರ್ಯ. ಚೀಲದಲ್ಲಿ ಸ್ಕ್ರೂಡ್ರೈವರಿನ ಜೊತೆಗೆ ಯಾವಾಗಲೂ ಗೊಜ್ಜವಲಕ್ಕಿಯ ಡಬ್ಬಿ. ಯಾರ ಮುಖವಾದರೂ ಸಪ್ಪಗಿದ್ದರೆ ಡಬ್ಬಿ ಮುಂದೆ ಬರುತ್ತಿತ್ತು. ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು. ಮಾತಿಗೆ ಕೂತರೆ ಅವರದೇ ಮಾತು. ಎದುರಿನವರ ಸರದಿ ಬರುತ್ತಲೇ ಇರಲಿಲ್ಲ. ಪ್ರೀತಿಯೇನೋ ಸುರಿಯುತ್ತಿತ್ತು, ಆ ಸುರಿತದಲ್ಲಿ ನಾವು ಬಾಯಿ ತೆರೆಯಲು ಸಂದಿಯಿರುತ್ತಿರಲಿಲ್ಲ.

ಈಗ ನನ್ನ ಕಥೆ. ನಮ್ಮ ಶಾಖೆಯಲ್ಲಿ ರಕ್ತ ತೆಗೆಯುವ ಟೆಕ್ನೀಷಿಯನ್ ಒಬ್ಬ ಕೆಲಸ ಬಿಟ್ಟ. ಬಿಟ್ಟವರ ಲಾಗಿನ್ ಅನ್ನು ಆಯಾ ಶಾಖೆಯ ಇನ್‌ಚಾರ್ಜೇ ಬ್ಲಾಕ್ ಮಾಡಬೇಕೆಂದು ಆಗಷ್ಟೇ ಹೊಸ ನಿಯಮ ಬಂದಿತ್ತು. ಅವನು ಕೈಮುಗಿದು ಹೋದ ಸಂಜೆಯೇ ನಾನು ಬ್ಲಾಕ್ ಮಾಡಿ, ದೀಪ ಆರಿಸಿ, ಷಟರ್ ಎಳೆದು ಮನೆಗೆ ಹೋದೆ. ತಿಂಗಳುಗಳು ಕಳೆದವು. ಒಂದು ದಿನ ಬನಶಂಕರಿ ಶಾಖೆಯಲ್ಲಿ ಯಾರೋ ಅದೇ ಲಾಗಿನ್ ಬಳಸಿ ಒಬ್ಬ ಹೆಣ್ಣುಮಗಳ ರಿಪೋರ್ಟ್ ತೆಗೆದು ಹೊರಗೆ ಕೊಟ್ಟುಬಿಟ್ಟಿದ್ದರು. ಮದುವೆ ನಿಶ್ಚಯವಾಗಿದ್ದ ಹುಡುಗಿ. ರಿಪೋರ್ಟ್ ಗಂಡಿನ ಕಡೆಯವರ ಕೈ ಸೇರಿತು. ಹುಡುಗಿಯ ತಂದೆ ಜಯನಗರಕ್ಕೆ ಬಂದು ಡಾಕ್ಟರ್ ಸಾರ್ ಎದುರು ಕೂತು ಅತ್ತುಬಿಟ್ಟರಂತೆ. ಹಾಗೆ ಮಾಡಿದವನು ಆಮೇಲೆ ಸಿಕ್ಕಿಬಿದ್ದ, ಅವನ ಸುದ್ದಿ ಇಲ್ಲಿ ಬೇಡ.

ನಮ್ಮಲ್ಲಿ ಪ್ರತಿ ಸೋಮವಾರ ಎಲ್ಲ ಶಾಖೆಗಳನ್ನೂ ಒಂದೇ ಫೋನ್ ಕಾಲಿನಲ್ಲಿ ಸೇರಿಸಿ ಮೀಟಿಂಗ್ ಮಾಡುತ್ತಾರೆ. ಆ ಸೋಮವಾರ ಡಾಕ್ಟರ್ ಸಾರ್ ನೇರ ನನ್ನ ಮೇಲೆ ಬಂದರು.

“ಏನಮ್ಮ ಜರಗನಹಳ್ಳಿ, ಅವನ ಲಾಗಿನ್ ಯಾಕೆ ಬ್ಲಾಕ್ ಮಾಡಿಲ್ಲ?”

“ಮಾಡಿದೀನಿ ಸಾರ್. ಆವತ್ತೇ ಸಂಜೆ.”

“ಇಲ್ಲಿ ಓಪನ್ ಇದೆ. ನನ್ನ ಕಣ್ಣೆದುರಿಗೇ ಇದೆ.”

“ಸಾರ್, ನನ್ನ ಸ್ಕ್ರೀನಲ್ಲಿ ಬ್ಲಾಕ್ ಆಗಿದೆ ಸಾರ್. ಬೇಕಾದ್ರೆ ಬಂದು ನೋಡಿ.”

“ಗಲಾಟೆ ಆದ್ಮೇಲೆ ಹೆದರ್ಕೊಂಡು ಈಗ ಮಾಡಿರ್ತೀಯ. ಮೇಡಂ, ಜರಗನಹಳ್ಳಿ ಲೈನ್ ಸರಿ ಇದೆಯಾ?”

ಮೇಡಂ ಹಿಂದೆ ಮುಂದೆ ನೋಡಲಿಲ್ಲ. “ಸರಿ ಇದೆ ಸಾರ್. ಗುಂಡ ಇವತ್ತು ಬೆಳಗ್ಗೆನೂ ಸರಿಯಾಗೇ ತಿಂದಿದಾನೆ” ಎಂದರು.

“ಅಂದ್ರೆ ಈಯಮ್ಮ ಸುಳ್ಳು ಹೇಳ್ತಿದಾಳೆ. ಇನ್ನೊಂದು ವಾರದಲ್ಲಿ ನಿರ್ಧಾರ ಮಾಡ್ತೀನಿ. ಬೇರೆಯವರನ್ನ ನೋಡ್ಬೇಕಾಗುತ್ತೆ.”

ಎಲ್ಲ ಶಾಖೆಗಳವರೂ ಲೈನಿನಲ್ಲಿದ್ದರು. ಕೆಲಸ ಹೋದರೆ ಹೋಗಲಿ, ನಮ್ಮ ಮನೆಯಲ್ಲಿ ಒಲೆ ಆರುವುದಿಲ್ಲ. ಆದರೆ ಸುಳ್ಳಿ ಅನ್ನಿಸಿಕೊಂಡು ಆ ಕುರ್ಚಿಯಿಂದ ಎದ್ದು ಹೋಗುವುದಿದೆಯಲ್ಲ, ಅದು ಮಾತ್ರ ನನ್ನಿಂದಾಗದು. ಡಾಕ್ಟರ್ ಸಾರ್ ಮೇಲೆ ಬಂದದ್ದು ಅರ್ಧ ಸಿಟ್ಟು. ಪೂರ್ತಿ ಸಿಟ್ಟು ಮೇಡಂ ಮೇಲೆ. ಇಷ್ಟು ವರ್ಷ ಆ ಹಾಳು ಗುಂಡನ ತಿಂಡಿ ಓದಿ ಹೇಳಿದವಳು ನಾನು. ಅವನ ಮಾತಿಗಿರುವ ಬೆಲೆ ನನ್ನ ಮಾತಿಗಿಲ್ಲವೇ?

ಮಾರನೆಯ ಬೆಳಗ್ಗೆ ಅವರ ಫೋನು ಬಂತು. “ಚಿತ್ರಾನ್ನ” ಎಂದು ಹೇಳಿ ಕುಕ್ಕಿದೆ. ಆಮೇಲೆ ಮತ್ತೆ ರಿಂಗಾಯಿತು, ಎತ್ತಲಿಲ್ಲ.

ಅದರ ಮರುದಿನ ನಾನು ಷಟರ್ ಎತ್ತಲು ಹೋದರೆ ಮೇಡಂ ಮೆಟ್ಟಿಲ ಮೇಲೆ ಕೂತಿದ್ದಾರೆ. ಕನಕಪುರ ರಸ್ತೆಯ ಬಸ್ಸಿನಲ್ಲಿ ಬಂದಿದ್ದರು. ಕಣ್ಣು ಊದಿತ್ತು. “ಒಳಗ್ ನಡಿ” ಎಂದರು, ಅಷ್ಟೇ. ಅವರ ಬಾಯಿಂದ ಇಷ್ಟು ಚಿಕ್ಕ ವಾಕ್ಯ ನಾನು ಕೇಳಿರಲೇ ಇಲ್ಲ. ಕುರ್ಚಿ ಕೊಟ್ಟೆ, ಕಾಫಿ ಕೊಡಲಿಲ್ಲ.

ಸರ್ವರಿನ ಮುಂದೆ ಕೂತು ಏನೇನೋ ತೆಗೆದು ನೋಡಿದರು. ಎಲ್ಲ ಹಸಿರು. ಮತ್ತೆ ಕೆದಕಿದರು. ಆ ಟೆಕ್ನೀಷಿಯನ್ನಿನ ಹೆಸರು ತೆಗೆದು, ಕನ್ನಡಕ ಮೇಲೇರಿಸಿ, ಸ್ಕ್ರೀನಿಗೆ ಮುಖ ಹಚ್ಚುವಷ್ಟು ಹತ್ತಿರ ಬಂದರು. ಯಾವ ಬದಲಾವಣೆ ಯಾವ ದಿನ ಆಯಿತೆಂದು ಸರ್ವರು ತನ್ನಷ್ಟಕ್ಕೆ ನೆನಪಿಟ್ಟುಕೊಂಡಿರುತ್ತದೆಯಂತೆ.

“ಆವತ್ತೇ ಮಾಡಿದೀಯ” ಎಂದರು ಮೆಲ್ಲಗೆ.

“ಅದನ್ನೇ ಅಲ್ವಾ ಮೇಡಂ ನಾನು ಬಾಯಿ ಬಡ್ಕೊಂಡಿದ್ದು!”

“ತಡಿ. ಹಾಗಾದ್ರೆ ನಮಗ್ಯಾಕೆ ಬಂದಿಲ್ಲ? ಒಂದ್ ಕೆಲ್ಸ ಮಾಡು. ಗುಂಡನಿಗೆ ಇವತ್ತು ನೀನೇ ಏನಾದ್ರೂ ತಿನ್ಸು. ಇಲ್ಲಿಂದ ಬರಿ.”

ಮನಸ್ಸಿನಲ್ಲಿ ಕುದಿಯುತ್ತಿತ್ತಲ್ಲ, ‘ಮಣ್ಣು’ ಎಂದು ಬರೆದೆ. ನೋಡಿದರು. ಸ್ವಲ್ಪ ಹೊತ್ತು ಬಿಟ್ಟು ಜಯನಗರಕ್ಕೆ ಫೋನು ಮಾಡಿ, ಗುಂಡ ಏನು ತಿಂದ ಎಂದರು. ಬೆಳಗ್ಗೆ ಜಯನಗರದಲ್ಲಿ ತಾವೇ ಬರೆದು ಬಂದಿದ್ದ ಇಡ್ಲಿ ಎಂಬ ಉತ್ತರ ಬಂತು. ಬನಶಂಕರಿಯಲ್ಲೂ ಇಡ್ಲಿ, ಬಿಟಿಎಂನಲ್ಲೂ ಇಡ್ಲಿ. ನಾನು ಪೇಷೆಂಟುಗಳನ್ನು ನೋಡಿ, ಸ್ಯಾಂಪಲ್ಲುಗಳನ್ನು ಕಳಿಸಿ ಬರುವಷ್ಟರಲ್ಲಿ ಮತ್ತೆ ವಿಚಾರಿಸಿದರು. ಊರಿಗೆಲ್ಲ ಇಡ್ಲಿ, ನಮ್ಮ ಸರ್ವರಿನಲ್ಲಿ ಮಾತ್ರ ಮಣ್ಣು.

ಮೇಡಂ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. ನನಗೆ ಸಿಟ್ಟು ಇಳಿದು ಗಾಬರಿಯಾಯಿತು. ನೀರು ಕೊಟ್ಟೆ. ಕುಡಿದು ಹೇಳಿದರು:

“ಇವು ಯಾವ್ದೂ ತಾವಾಗೇ ಬಂದು ಸುದ್ದಿ ಹೇಳಲ್ಲ ಕಣೇ. ಒಂದು ಸರ್ವರ್ ಇನ್ನೊಂದರ ಬಾಗಿಲಿಗೆ ಹೋಗಿ ‘ಹೊಸ್ದೇನಿದೆ’ ಅಂತ ವಿಚಾರಿಸ್ಕೊಂಡು ಬರುತ್ತೆ. ಯಾರು ಯಾರ ಬಾಗಿಲಿಗೆ ಹೋಗ್ಬೇಕು ಅಂತ ಒಂದೊಂದಕ್ಕೂ ಬೇರೆ ಬೇರೆ ಹೇಳಿರ್ಬೇಕು. ನಿಮ್ಮ ಹೊಸಾ ಸರ್ವರ್ ಹಾಕ್ದಾಗ ನಿಮ್ಮ ಲೈನ್ ವೀಕು ಅಂತ ನಾನೇ ಕೂತು ಕೈಯಲ್ಲಿ ಮಾಡ್ದೆ. ನಿಂದಕ್ಕೆ ಜಯನಗರಕ್ಕೆ ಹೋಗು ಅಂದೆ. ಜಯನಗರಕ್ಕೆ ನಿನ್ನ ಹತ್ರ ಬಾ ಅನ್ನೋದನ್ನ ಮರೆತೆ.”

“ಮತ್ತೆ ಕೆಂಪು ಬರ್ಬೇಕಿತ್ತಲ್ವಾ ಮೇಡಂ?”

“ಹೋಗಿ ಬಾಗ್ಲು ತೆಗೀಲಿಲ್ಲ ಅಂದ್ರೆ ಕೆಂಪು. ಹೋಗೇ ಇಲ್ಲ ಅಂದ್ರೆ ಯಾವ ಕೆಂಪು? ನಿನ್ನ ಕಡೆಯಿಂದ ಒಂದು ಸುದ್ದಿನೂ ಬರ್ತಿರ್ಲಿಲ್ಲ, ನಾನು ಎಲ್ಲಾ ಚೆನ್ನಾಗಿದೆ ಅನ್ಕೊಂಡಿದ್ದೆ. ದಿನಾ ಬೆಳಗ್ಗೆ ನಂದು ನಿನಗೆ ತಲುಪ್ತಾ ಅಂತ ಫೋನ್ ಮಾಡ್ದೆನೇ ಹೊರತು, ನಿಂದು ನನಗೆ ತಲುಪ್ತಾ ಅಂತ ಒಂದಿನ ನೋಡ್ಲಿಲ್ಲ.”

ಅಲ್ಲೇ ಕೂತು ಸರಿಮಾಡಿದರು. ಸ್ವಲ್ಪ ಹೊತ್ತಿಗೆ ಜಯನಗರದಿಂದ ಒಬ್ಬ ಹುಡುಗನ ಫೋನು, ಗಾಬರಿಯಲ್ಲಿ: “ಮೇಡಂ, ಗುಂಡ ಮಣ್ಣು ತಿಂದಿದಾನೆ!” ನಾವಿಬ್ಬರೂ ನಕ್ಕೆವು, ಆಮೇಲೆ ಇಬ್ಬರೂ ಅತ್ತೆವು. ಕಾಫಿ ಮಾಡಿಸಿದೆ.

ಬಸ್ ಸ್ಟಾಪಿನವರೆಗೆ ಜೊತೆಯಲ್ಲಿ ಹೋದೆ. ಅವರ ರಿಟೈರ್ಮೆಂಟು ಹತ್ತಿರದಲ್ಲಿತ್ತು. ಇಷ್ಟು ವರ್ಷ ಕಷ್ಟಪಟ್ಟ ಮೇಲೆ ಕೊನೆಯಲ್ಲಿ ಇಂಥ ಮಾತು ಯಾಕೆ ಬೇಕು ಅನ್ನಿಸಿತು. “ಮೇಡಂ, ರೋಡ್ ಅಗೆದಾಗ ಕೇಬಲ್ ಹೋಗಿತ್ತು ಅಂದ್ಬಿಡಿ. ಯಾರಿಗೆ ಗೊತ್ತಾಗುತ್ತೆ?” ಎಂದೆ.

“ಕೇಬಲ್ ಪಾಪ ನನಗೇನ್ ಮಾಡಿದೆಯೇ?” ಎಂದರು.

ಆವತ್ತೇ ಡಾಕ್ಟರ್ ಸಾರ್ ಕೋಣೆಗೆ ಹೋಗಿ ನಡೆದದ್ದೆಲ್ಲ ಹೇಳಿದರಂತೆ. ಸಂಜೆ ಸಾರ್ ಕಡೆಯಿಂದ ನನಗೆ ಒಂದು ಸಾಲಿನ ಮೆಸೇಜು ಬಂತು, ನೀನು ಕೆಲಸದಲ್ಲಿ ಮುಂದುವರಿಯಬಹುದು ಅಂತ. ನಾನೇನೋ ಸಮಾಧಾನ ಮಾಡಿಕೊಂಡೆ ಅನ್ನಿ. ಆದರೆ ಆ ವಾರ ಸ್ಯಾಂಪಲ್ ತೆಗೆದುಕೊಂಡು ಹೋಗಲು ಬಂದ ಹುಡುಗನೂ ನನ್ನ ಮುಖ ನೋಡದೆ ಮಾತಾಡಿದ. ಜೆಪಿ ನಗರದವಳು ಯಾರ ಹತ್ತಿರವೋ, ಅವಳಿಗೆ ಮನೆ ಕಡೆ ಬಲ ಇದೆ, ಅದಕ್ಕೇ ಉಳಿಸಿಕೊಂಡರು ಅಂದಳಂತೆ. ಕೆಲಸ ಉಳಿದಿತ್ತು, ಹೆಸರು ಉಳಿದಿರಲಿಲ್ಲ. ಯಾರಿಗೆಂದು ಫೋನು ಮಾಡಿ ನಾನು ಸುಳ್ಳಿ ಅಲ್ಲ ಎಂದು ಹೇಳುವುದು?

ಸೋಮವಾರ ಬಂತು. ಎಲ್ಲರೂ ಲೈನಿಗೆ ಬಂದೆವು. ಡಾಕ್ಟರ್ ಸಾರ್ ಶುರುವಿನಲ್ಲೇ, “ಆ ಜರಗನಹಳ್ಳಿ ವಿಷಯ ಟೆಕ್ನಿಕಲ್ ಇಶ್ಯೂ, ಕ್ಲೋಸ್ ಆಯ್ತು. ಮುಂದಿನದು...” ಎಂದರು.

“ನಿಲ್ಲಿ ಸಾರ್.” ಮೇಡಂ ದನಿ. “ಟೆಕ್ನಿಕಲ್ ಇಶ್ಯೂ ಅಲ್ಲ, ನನ್ನ ತಪ್ಪು. ಜರಗನಹಳ್ಳಿ ಸರ್ವರನ್ನ ವಿಚಾರಿಸೋಕೆ ನಮ್ಮ ಸರ್ವರಿಗೆ ನಾನು ಹೇಳೇ ಇರ್ಲಿಲ್ಲ. ಅವಳು ಲಾಗಿನ್ನ ಆವತ್ತೇ ಬ್ಲಾಕ್ ಮಾಡಿದ್ಲು. ನಾನೇ ಹೋಗಿ ಕಣ್ಣಾರೆ ನೋಡಿ ಬಂದೆ. ಅವಳು ಬಾಯ್ಬಿಟ್ಟು ಹೇಳಿದ್ರೂ ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ.”

“ಆಯ್ತು ಮೇಡಂ, ಆಯ್ತಲ್ಲ, ಬಿಡಿ” ಎಂದರು ಸಾರ್.

“ಇಲ್ಲ ಸಾರ್. ಹೋದ ವಾರ ಅವಳು ಸುಳ್ಳಿ ಅನ್ನೋದು ಎಲ್ಲಾ ಬ್ರಾಂಚಿಗೂ ತಲುಪಿದೆ. ಇದು ತಲುಪ್ತಾ ಅಂತ ನಾನು ನೋಡ್ಬೇಕು. ಬನಶಂಕರಿ?”

“ಕೇಳಿಸ್ತು ಮೇಡಂ.”

“ಕೇಳಿಸ್ತು ಅಂತಲ್ಲ. ಏನು ಕೇಳಿಸ್ತು, ಅದನ್ನ ಹೇಳು.”

ಬನಶಂಕರಿಯವರು ನಿಧಾನವಾಗಿ, “ಜರಗನಹಳ್ಳಿಯವ್ರು ಲಾಗಿನ್ನ ಆವತ್ತೇ ಬ್ಲಾಕ್ ಮಾಡಿದ್ರು” ಎಂದರು.

“ಪದ್ಮನಾಭನಗರ?”

“ಅಕ್ಕ ಆವತ್ತೇ ಮಾಡಿದ್ರು ಮೇಡಂ.”

“ಬಿಟಿಎಂ?”

“ಆವತ್ತೇ ಮಾಡಿದ್ರು ಮೇಡಂ. ಸುಳ್ಳು ಹೇಳಿಲ್ಲ ಅವ್ರು.”

“ಜೆಪಿ ನಗರ?”

ಅವಳು ಸ್ವಲ್ಪ ತಡವರಿಸಿದಳು. ಮೇಡಂ ಬಿಡಲಿಲ್ಲ, ಮತ್ತೊಮ್ಮೆ ಕರೆದರು. “ಆವತ್ತೇ ಮಾಡಿದಾರೆ ಮೇಡಂ” ಎಂದಳು.

“ಸಾರ್, ಜಯನಗರ ಬಾಕಿ ಇದೆ.”

ಹೀಗೆ ಮಾಲೀಕರನ್ನು ಕರೆಯುತ್ತಾರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಈ ಹೆಂಗಸಿನ ಕೆಲಸ ಇವತ್ತಿಗೆ ಮುಗಿಯಿತು ಅಂದುಕೊಂಡೆ. ಡಾಕ್ಟರ್ ಸಾರ್ ಕೆಮ್ಮಿದರು. ಕುರ್ಚಿ ಎಳೆದ ಶಬ್ದ ಕೇಳಿಸಿತು. “ಅವರು ಆವತ್ತೇ ಬ್ಲಾಕ್ ಮಾಡಿದ್ರು. ನಾನು ಹಾಗೆ ಅನ್ಬಾರ್ದಿತ್ತು” ಎಂದರು.

“ಜರಗನಹಳ್ಳಿ?”

ನಾನು ಫೋನು ಹಿಡಿದು ನಿಂತೇ ಇದ್ದೆ. ಎದುರಿಗೆ ರಕ್ತ ಕೊಡಲು ಬಂದ ಅಜ್ಜಿಯೊಬ್ಬರು ತೋಳು ಮಡಚಿಕೊಂಡು ನನ್ನನ್ನೇ ನೋಡುತ್ತಿದ್ದರು. ಬಾಯಿ ತೆರೆದರೆ ಅಳು ಬರುತ್ತದೆಂದು ಸುಮ್ಮನಿದ್ದೆ.

“ಆತುರ ಇಲ್ಲ, ಹೇಳು” ಎಂದರು ಮೇಡಂ. “ನಾವೆಲ್ಲಾ ಲೈನಲ್ಲೇ ಇರ್ತೀವಿ.”

ಮಾತಿಗೊಂದು ಮಾತು ಸೇರಿಸದೆ ಒಂದು ಗಳಿಗೆ ಇರಲಾರದ ಆ ಹೆಂಗಸು, ಅಷ್ಟು ಶಾಖೆಗಳನ್ನೂ ಮಾಲೀಕರನ್ನೂ ಲೈನಿನಲ್ಲಿ ನಿಲ್ಲಿಸಿಕೊಂಡು, ನಾನು ಬಾಯಿ ತೆರೆಯುವವರೆಗೂ ತುಟಿ ಬಿಚ್ಚದೆ ಕಾದರು.

“ಆವತ್ತೇ ಮಾಡಿದ್ದೆ ಮೇಡಂ” ಎಂದೆ.

“ಹ್ಞೂಂ ಕಣೇ, ತಲುಪ್ತು” ಎಂದರು.